ಹೊಸ್ತಿಲು ದಾಟಿದ ರೋಗಾಣು

ಇಂದು ನಮ್ಮ ಮನೆಗಳ ಮಕ್ಕಳು ವೈದ್ಯಕೀಯ, ನರ್ಸಿಂಗ್, ಪಶುವೈದ್ಯ, ಸೂಕ್ಷ್ಮಜೀವಿಶಾಸ್ತ್ರ, ಜೈವಿಕ ತಂತ್ರಜ್ಞಾನ ಮೊದಲಾದ ವಿದ್ಯೆಗಳನ್ನು ಅರಸಿ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಹೋಗುತ್ತಿದ್ದಾರೆ. ಅಲ್ಲಿಯ ಪ್ರಯೋಗಾಲಯಗಳಲ್ಲಿ ರೋಗಾಣುಗಳನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸುತ್ತಾರೆ. ರೋಗಿಗಳ ರಕ್ತ, ಕಫಗಳನ್ನು ಪರೀಕ್ಷಿಸುತ್ತಾರೆ. ಇದು ಅನಿವಾರ್ಯವಾದ ಕಾರ್ಯ. ರೋಗದ ಮೂಲವನ್ನು ಅರಿಯದೆ ಮದ್ದಿನ ದಾರಿಯನ್ನು ಅರಿಯಲಾಗದು. ಹಿಂದೊಮ್ಮೆ ಊರಿಗೆ ಊರನ್ನೇ ಬರಿದು ಮಾಡುತ್ತಿದ್ದ ಸಿಡುಬು ಇಂದು ಇಲ್ಲವಾಗಿರುವುದು ಇಂಥ ವಿದ್ಯೆಯ ಫಲವೇ ಆಗಿದೆ.

ಆದರೆ ವಿಚಾರಿಸಬೇಕಾದ ಮಾತೊಂದುಂಟು. ರೋಗಾಣುವಿನೊಡನೆ ಕೆಲಸ ಮಾಡುವ ವಿಜ್ಞಾನಿಯು ತನ್ನ ಅಪಾಯವನ್ನು ಬಲ್ಲನು. ಲಸಿಕೆ ಹಾಕಿಸಿಕೊಂಡು, ಗ್ಲೌಸು ತೊಟ್ಟು, ಎಚ್ಚರದಿಂದ ಒಳಗೆ ಕಾಲಿಡುವನು. ಅದೇ ಕಟ್ಟಡದ ಇನ್ನೊಂದು ಅಂತಸ್ತಿನಲ್ಲಿ ಕುಳಿತವರಿಗೆ, ಸಂಜೆ ಕಸದ ಚೀಲವನ್ನು ಎತ್ತಿಕೊಂಡು ಹೋಗುವವರಿಗೆ, ಮನೆಯ ಪಡಸಾಲೆಯಲ್ಲಿ ಆಡುವ ಕೂಸಿಗೆ ಆ ಅರಿವು ಎಲ್ಲಿಂದ ಬರಬೇಕು? ಪ್ರಯೋಗಾಲಯದ ಎಚ್ಚರಿಕೆಯ ನಿಯಮಗಳು ಯಾರ ಸಲುವಾಗಿ ಇವೆ ಎಂಬುದನ್ನು ತಿಳಿಯಬೇಕಾದರೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ನಡೆದ ದುರಂತವನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಬರ್ಮಿಂಗ್‌ಹ್ಯಾಮಿನ ದುರಂತ

ಸಿಡುಬಿಗೆ ನಮ್ಮ ಕಡೆ ದೇವಿ ಬೇನೆ, ಮೈಲಿ ಬೇನೆ ಎಂಬ ಹೆಸರುಗಳಿದ್ದವು. ಲಸಿಕೆಗೆ ದೇವಿ ಹಾಕಿಸುವುದು ಎಂದೇ ಅನ್ನುತ್ತಿದ್ದರು. ತೋಳಿನ ಮೇಲಿನ ಆ ದುಂಡು ಕಲೆ ಇಂದಿಗೂ ಹಿರಿಯರಲ್ಲಿ ಕಾಣಸಿಗುತ್ತದೆ. ಭಾರತದಲ್ಲಿ ಈ ರೋಗದ ಕೊನೆಯ ಪ್ರಕರಣಗಳು 1975ರ ಮೇ ತಿಂಗಳಿನವು. ಪ್ರಪಂಚದಲ್ಲಿ ಸಹಜವಾಗಿ ಸಿಡುಬು ತಗುಲಿದ ಕಟ್ಟಕಡೆಯ ವ್ಯಕ್ತಿ ಸೊಮಾಲಿಯಾ ದೇಶದ ಮೆರ್ಕಾ ಪಟ್ಟಣದ ಅಲಿ ಮಾವ್ ಮಾಲಿನ್. ಅದು 1977ರ ಅಕ್ಟೋಬರ್. ಆತ ಗುಣಮುಖನಾದನು. ಮನುಷ್ಯಕುಲವು ಒಂದು ಮಹಾರೋಗವನ್ನು ಗೆದ್ದಿತೆಂದು ಜಗತ್ತೇ ನಿಟ್ಟುಸಿರು ಬಿಡುತ್ತಿದ್ದ ಕಾಲವದು.

ಹೀಗಿರುವಾಗ 1978ರ ಆಗಸ್ಟ್ 11ರಂದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಛಾಯಾಗ್ರಾಹಕಿಯಾಗಿದ್ದ ಜಾನೆಟ್ ಪಾರ್ಕರ್ ಎಂಬ ನಲವತ್ತು ವರ್ಷದ ಮಹಿಳೆಗೆ ಜ್ವರ ಬಂದಿತು. ತಲೆನೋವು, ಮೈಕೈ ನೋವು, ಆಮೇಲೆ ಮೈಮೇಲೆ ಗುಳ್ಳೆಗಳು. ಸೀತಾಳೆ ಸಿಡುಬು ಇರಬಹುದೆಂದು, ಔಷಧದ ಒಗ್ಗದಿಕೆ ಇರಬಹುದೆಂದು ಭಾವಿಸಲಾಯಿತು. ಜಗತ್ತಿನಿಂದಲೇ ಕಾಲ್ತೆಗೆದ ರೋಗವನ್ನು ಯಾರು ತಾನೆ ನೆನೆದಾರು? ಎರಡು ವಾರಗಳ ಹತ್ತಿರ ಕಾಲ ಹೀಗೆ ಸರಿದುಹೋಯಿತು. ಆಗಸ್ಟ್ 24ರಂದು ಆಸ್ಪತ್ರೆಗೆ ಸೇರಿಸಿದಾಗ ವೈದ್ಯರಿಗೆ ಅನುಮಾನ ಹುಟ್ಟಿತು. ಗುಳ್ಳೆಯ ದ್ರವವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಲಾಗಿ ಸಿಡುಬಿನ ಬಗೆಯ ವೈರಸ್ಸು ಕಂಡಿತು. ಅದನ್ನು ನೋಡಿದವರು ಅದೇ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿಶಾಸ್ತ್ರ ವಿಭಾಗದ ಮುಖ್ಯಸ್ಥರಾದ ಪ್ರೊಫೆಸರ್ ಹೆನ್ರಿ ಬೆಡ್ಸನ್. ಸಿಡುಬಿನ ಕುಲದ ವೈರಸ್ಸುಗಳ ಅಧ್ಯಯನದಲ್ಲಿ ಅವರು ಹೆಸರಾದವರು. ಅವರ ಪ್ರಯೋಗಾಲಯವು ಜಾನೆಟ್ ಪಾರ್ಕರ್ ಕೆಲಸ ಮಾಡುತ್ತಿದ್ದ ಕೋಣೆಗಳ ಕೆಳಗಿನ ಅಂತಸ್ತಿನಲ್ಲಿಯೇ ಇತ್ತು.

ರೋಗಿಯನ್ನು ನಗರದ ಹೊರಗಿನ ಪ್ರತ್ಯೇಕ ಆಸ್ಪತ್ರೆಗೆ ಸಾಗಿಸಿದರು. ಆಕೆಯ ಒಡನಾಟಕ್ಕೆ ಬಂದಿದ್ದ ನೂರಾರು ಮಂದಿಯನ್ನು ಹುಡುಕಿ ಹುಡುಕಿ ಲಸಿಕೆ ಹಾಕಿದರು; ಅನೇಕರನ್ನು ಮನೆಯಿಂದ ಹೊರಗೆ ಬಾರದಂತೆ ಇರಿಸಿದರು. ಪ್ರತ್ಯೇಕ ವಾಸದಲ್ಲಿದ್ದ ಆಕೆಯ ವೃದ್ಧ ತಂದೆ ಸೆಪ್ಟೆಂಬರ್ 5ರಂದು ತೀರಿಕೊಂಡರು. ಹೃದಯ ನಿಂತು ಸತ್ತರೆಂದು ಊಹಿಸಲಾಯಿತೇ ಹೊರತು, ಸೋಂಕಿನ ಅಂಜಿಕೆಯಿಂದ ಶವಪರೀಕ್ಷೆಯನ್ನು ಮಾಡಲಿಲ್ಲ. ತನ್ನ ಪ್ರಯೋಗಾಲಯದ ಮೇಲೆ ಬಂದ ಈ ಭಾರವನ್ನು ತಾಳಲಾರದೆ ಪ್ರೊಫೆಸರ್ ಬೆಡ್ಸನ್ ತಮ್ಮ ಜೀವಕ್ಕೆ ತಾವೇ ಎರವಾಗಿ ಸೆಪ್ಟೆಂಬರ್ 7ರಂದು ಅಸುನೀಗಿದರು. ಸೆಪ್ಟೆಂಬರ್ 11ರಂದು ಜಾನೆಟ್ ಪಾರ್ಕರ್ ಕಣ್ಣು ಮುಚ್ಚಿದರು. ಸಿಡುಬಿನಿಂದ ಸತ್ತವರಲ್ಲಿ ಚರಿತ್ರೆಯು ದಾಖಲಿಸಿರುವ ಕೊನೆಯ ಹೆಸರು ಆಕೆಯದು. ಆಕೆಯ ತಾಯಿಗೂ ರೋಗ ತಗುಲಿತು. ಅದು ಸೌಮ್ಯವಾಗಿದ್ದುದರಿಂದ ಅವರು ಬದುಕಿದರು. ಆದರೆ ಒಂದೇ ವಾರದ ಅಂತರದಲ್ಲಿ ಗಂಡನೂ ಮಗಳೂ ತೀರಿಹೋದಾಗ ಆ ತಾಯಿ ಪ್ರತ್ಯೇಕ ವಾಸದಲ್ಲಿದ್ದರು. ಒಂದು ಮನೆಯ ಪಾಲಿಗೆ ಇದಕ್ಕಿಂತ ದೊಡ್ಡ ದುಃಖ ಯಾವುದು?

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಜಾನೆಟ್ ಪಾರ್ಕರ್ ವೈರಸ್ಸಿನ ಕೆಲಸದವರಲ್ಲ. ಕ್ಯಾಮೆರಾ ಮತ್ತು ಫಿಲ್ಮು ಅವರ ಉಪಕರಣಗಳು. ಅವರು 1966ರಲ್ಲಿ ಸಿಡುಬಿನ ಲಸಿಕೆ ಹಾಕಿಸಿಕೊಂಡಿದ್ದರು. ಹನ್ನೆರಡು ವರ್ಷಗಳಲ್ಲಿ ಅದರ ಬಲ ಕುಂದಿತ್ತು. ತಮ್ಮ ಕಾಲ ಕೆಳಗಿನ ಕೋಣೆಯ ಸಲುವಾಗಿ ತಾವು ಮತ್ತೆ ಲಸಿಕೆ ಹಾಕಿಸಿಕೊಳ್ಳಬೇಕೆಂಬ ವಿಚಾರ ಅವರಿಗೆ ಬರುವುದಾದರೂ ಹೇಗೆ?

ತನಿಖೆಯು ಕಂಡದ್ದು, ಕಾಣದ್ದು

ಸರಕಾರವು ಪ್ರೊಫೆಸರ್ ಶೂಟರ್ ಎಂಬವರ ಅಧ್ಯಕ್ಷತೆಯಲ್ಲಿ ತನಿಖೆ ನಡೆಸಿತು. ಆಕೆಗೆ ತಗುಲಿದ ವೈರಸ್ಸು ‘ಅಬೀದ್’ ಎಂಬ ಹೆಸರಿನ ತಳಿಯದು ಎಂಬುದು ಖಚಿತವಾಯಿತು. 1970ರಲ್ಲಿ ಪಾಕಿಸ್ತಾನದ ಮೂರು ವರ್ಷದ ಬಾಲಕನೊಬ್ಬನಿಂದ ದೊರೆತ ಈ ತಳಿಯನ್ನು ಆ ಪ್ರಯೋಗಾಲಯದಲ್ಲಿ ಬಳಸಲಾಗುತ್ತಿತ್ತು. ಆದ್ದರಿಂದ ರೋಗ ಎಲ್ಲಿಂದ ಬಂತೆಂಬುದರಲ್ಲಿ ಸಂಶಯವಿರಲಿಲ್ಲ. ಹೇಗೆ ಬಂತೆಂಬುದು ಮಾತ್ರ ಇಂದಿಗೂ ಬಗೆಹರಿದಿಲ್ಲ. ಗಾಳಿಯ ಮೂಲಕ, ಮನುಷ್ಯರ ಸಂಪರ್ಕದ ಮೂಲಕ, ಸೋಂಕಿದ ವಸ್ತುಗಳ ಮೂಲಕ ಎಂದು ಮೂರು ದಾರಿಗಳನ್ನು ವರದಿಯು ಎತ್ತಿ ಹೇಳಿತು. ಕಟ್ಟಡದ ಕೊಳವೆಗಳು ಹಾದುಹೋಗುವ ಕಂಡಿಯೊಳಗಿಂದ ಗಾಳಿಯಲ್ಲಿ ತೇಲಿ, ಆಕೆ ಫಿಲ್ಮುಗಳನ್ನು ತರಿಸಲು ದೂರವಾಣಿಯಲ್ಲಿ ಮಾತಾಡುತ್ತಿದ್ದ ಕೋಣೆಗೆ ವೈರಸ್ಸು ಏರಿರಬಹುದೆಂದು ಅದು ಒಲವು ತೋರಿತು. 1979ರಲ್ಲಿ ವಿಶ್ವವಿದ್ಯಾಲಯದ ಮೇಲೆ ಮೊಕದ್ದಮೆ ನಡೆದಾಗ ಈ ದಾರಿಯನ್ನು ಸಾಧಿಸಿ ತೋರಿಸಲಾಗಲಿಲ್ಲ. ವಿಶ್ವವಿದ್ಯಾಲಯವು ತಪ್ಪಿತಸ್ಥವೆಂದು ಸಿದ್ಧವಾಗಲಿಲ್ಲ.

ನ್ಯಾಯಾಲಯದ ತೀರ್ಮಾನವನ್ನು ಗೌರವಿಸೋಣ. ಆದರೂ ತನಿಖೆಯಿಂದ ಹೊರಬಂದ ಬೇರೆ ಸಂಗತಿಗಳು ಮನಸ್ಸನ್ನು ಕಲಕುತ್ತವೆ. ಸುರಕ್ಷಾ ಪೆಟ್ಟಿಗೆಯೊಳಗೆ ಮಾಡತಕ್ಕ ಕೆಲವು ಕೆಲಸಗಳು ಅದರ ಹೊರಗೆ ನಡೆಯುತ್ತಿದ್ದವು. ಅದೇ 1978ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರಿಶೀಲಕರು ಬಂದು ಅಲ್ಲಿಯ ವ್ಯವಸ್ಥೆ ಸಾಲದೆಂದು ತಿಳಿಸಿದ್ದರು. ವರ್ಷಾಂತ್ಯಕ್ಕೆ ಪ್ರಯೋಗಾಲಯವನ್ನು ಮುಚ್ಚಬೇಕಾಗಿತ್ತು. ಮುಚ್ಚುವ ಮುನ್ನ ಸಂಶೋಧನೆಯನ್ನು ಮುಗಿಸಬೇಕೆಂಬ ಆತುರದಲ್ಲಿ ಕೆಲಸದ ಪ್ರಮಾಣ ಹೆಚ್ಚಿತ್ತು. ಇನ್ನೂ ವಿಸ್ಮಯಕರವಾದ ಸಂಗತಿಯೊಂದುಂಟು: 1966ರಲ್ಲಿ, ಅಂದರೆ ಹನ್ನೆರಡು ವರ್ಷಗಳ ಮೊದಲು, ಅದೇ ವೈದ್ಯಕೀಯ ಶಾಲೆಯ ಇನ್ನೊಬ್ಬ ಛಾಯಾಗ್ರಾಹಕನಿಗೆ ಸೌಮ್ಯ ಬಗೆಯ ಸಿಡುಬು ಬಂದು ಬೇರೆಯವರಿಗೂ ಹರಡಿತ್ತು. ಅದಕ್ಕೂ ಪ್ರಯೋಗಾಲಯಕ್ಕೂ ಇರಬಹುದಾದ ನಂಟನ್ನು ಅಂದು ಯಾರೂ ಬೆನ್ನಟ್ಟಲಿಲ್ಲ. ಸಾವಿಲ್ಲದೆ ಕಳೆದುಹೋದ ಎಚ್ಚರಿಕೆಯನ್ನು ಮನುಷ್ಯನು ಎಚ್ಚರಿಕೆಯೆಂದು ಬಗೆಯುವುದಿಲ್ಲ.

ಇದು ಒಂಟಿ ಘಟನೆಯೂ ಅಲ್ಲ. 1973ರಲ್ಲಿ ಲಂಡನ್ನಿನ ಒಂದು ವೈದ್ಯವಿದ್ಯಾಸಂಸ್ಥೆಯ ಪ್ರಯೋಗಾಲಯದ ಸಹಾಯಕಿಯೊಬ್ಬರಿಗೆ ಸಿಡುಬು ತಗುಲಿತ್ತು. ಅವರು ಬದುಕಿದರು. ಸತ್ತವರು, ಆಸ್ಪತ್ರೆಯಲ್ಲಿ ಅವರ ಪಕ್ಕದ ಹಾಸಿಗೆಯ ರೋಗಿಯನ್ನು ಮಾತಾಡಿಸಲು ಬಂದಿದ್ದ ಇಬ್ಬರು. ರೋಗಾಣುವನ್ನು ಕೈಯಲ್ಲಿ ಹಿಡಿದವರಿಗಿಂತ ಹೆಚ್ಚಿನ ಬೆಲೆಯನ್ನು ಅದರ ಹೆಸರನ್ನೂ ಕೇಳದವರು ತೆತ್ತರು.

ಬರ್ಮಿಂಗ್‌ಹ್ಯಾಮಿನ ಅನಂತರ ಜಗತ್ತು ಎಚ್ಚೆತ್ತಿತು. 1980ರ ಮೇ 8ರಂದು ಸಿಡುಬು ನಿರ್ಮೂಲವಾಯಿತೆಂದು ಘೋಷಣೆಯಾಯಿತು. ಅನೇಕ ದೇಶಗಳ ಪ್ರಯೋಗಾಲಯಗಳಲ್ಲಿ ಚದುರಿದ್ದ ವೈರಸ್ಸಿನ ದಾಸ್ತಾನನ್ನು ನಾಶಮಾಡಿ ಇಲ್ಲವೆ ಒಪ್ಪಿಸಿ, ಕೊನೆಗೆ ಅಮೆರಿಕ ಮತ್ತು ರಷ್ಯಾಗಳ ಒಂದೊಂದು ಕೇಂದ್ರದಲ್ಲಿ ಮಾತ್ರ ಉಳಿಸಲಾಯಿತು. ಹಾಗಿದ್ದೂ 2014ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಹಳೆಯ ಶೀತಲ ಕೋಣೆಯೊಂದನ್ನು ತೆರವು ಮಾಡುವಾಗ, ದಶಕಗಳಿಂದ ಮರೆತುಹೋಗಿದ್ದ ಸಿಡುಬಿನ ಸೀಸೆಗಳು ದೊರೆತವು. ಲೆಕ್ಕವಿಡದ ಸರಕು ಎಲ್ಲಿಯೇ ಇರಲಿ, ಅಪಾಯದ ಸರಕೇ.

ಪಾಠದ ಕೋಣೆಯಿಂದ ಮನೆಯ ಪಡಸಾಲೆಗೆ

ಇದು ದೊಡ್ಡ ಸಂಶೋಧನೆಯ ಮಾತು, ನಮ್ಮ ಮಕ್ಕಳು ಮಾಡುವುದು ಬರಿಯ ಪಾಠದ ಪ್ರಯೋಗವಲ್ಲವೆ ಎಂದು ಕೆಲವರು ಕೇಳಬಹುದು. ಅವರ ಸಮಾಧಾನಕ್ಕಾಗಿ ಅಮೆರಿಕದ ಇನ್ನೊಂದು ಪ್ರಸಂಗವನ್ನು ಹೇಳಬೇಕು. 2010ರ ಆಗಸ್ಟಿನಿಂದ 2011ರ ಜೂನ್‌ವರೆಗೆ ಆ ದೇಶದ 38 ರಾಜ್ಯಗಳಲ್ಲಿ 109 ಮಂದಿಗೆ ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಒಂದೇ ತಳಿಯಿಂದ ಜ್ವರ, ಭೇದಿ ಬಂದವು, ಒಬ್ಬರು ಮೃತರಾದರು. ಬಿಡಿಬಿಡಿಯಾಗಿ ಚದುರಿದ ಈ ರೋಗಿಗಳಿಗೆ ಸಾಮಾನ್ಯವಾದುದೇನೆಂದು ಹುಡುಕಿದಾಗ ಸಿಕ್ಕಿದ್ದು ಸೂಕ್ಷ್ಮಜೀವಿಶಾಸ್ತ್ರದ ಪ್ರಯೋಗಾಲಯಗಳು. ವಿದ್ಯಾರ್ಥಿಗಳಿಗೆ ಕಲಿಸಲು ಕೊಂಡು ತರುವ ತಳಿಗೂ ರೋಗಿಗಳಲ್ಲಿ ಕಂಡ ತಳಿಗೂ ವ್ಯತ್ಯಾಸ ಕಾಣಲಿಲ್ಲ.

ಆದರೆ ರೋಗ ಬಂದವರಲ್ಲಿ ಪ್ರಯೋಗಾಲಯದ ಮುಖವನ್ನೇ ಕಾಣದ ಚಿಕ್ಕ ಮಕ್ಕಳೂ ಇದ್ದರು. ಅವರ ಮನೆಯಲ್ಲಿ ಪ್ರಯೋಗಾಲಯಕ್ಕೆ ಹೋಗಿಬರುವ ತಂದೆಯೋ ತಾಯಿಯೋ ಬಂಧುವೋ ಇದ್ದರು. ಪ್ರಯೋಗದ ಮೇಜಿನ ಮೇಲಿಟ್ಟ ಪೆನ್ನು, ನೋಟುಪುಸ್ತಕ, ಚೀಲಗಳು ಅದೇ ಸಂಜೆ ಮನೆಯ ಮೇಜಿನ ಮೇಲೆ ಕುಳಿತರೆ ಮತ್ತೇನಾದೀತು? 2014ರಲ್ಲಿ 41 ಮಂದಿಗೆ, 2017ರಲ್ಲಿ 24 ಮಂದಿಗೆ ಇದೇ ಬಗೆಯ ಪ್ರಯೋಗಾಲಯಗಳ ನಂಟಿನಿಂದ ಸಾಲ್ಮೊನೆಲ್ಲಾ ರೋಗ ಮತ್ತೆ ಕಾಣಿಸಿತು. ಪಾಠಕ್ಕೆ ಸಾಧ್ಯವಾದಷ್ಟೂ ರೋಗ ತಾರದ ಅಥವಾ ಬಲಗುಂದಿಸಿದ ತಳಿಗಳನ್ನೇ ಬಳಸಬೇಕೆಂದು ಅಲ್ಲಿಯ ಆರೋಗ್ಯ ಇಲಾಖೆಯು ತಿಳಿಸಿತು. ಬಣ್ಣ ಹಾಕಿ ರೋಗಾಣುವಿನ ಆಕಾರವನ್ನು ನೋಡಲು ಕಲಿಯುವ ಹುಡುಗನಿಗೆ ನಿಜವಾದ ಭೇದಿಯ ರೋಗಾಣುವೇ ಬೇಕೆಂದಿಲ್ಲವಷ್ಟೆ.

ನಮ್ಮ ನಾಡಿಗೂ ಇಂಥದೊಂದು ನಂಟುಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳತೊಡಗಿ, ಸುತ್ತಲಿನ ಹಳ್ಳಿಗರಿಗೆ ಭೀಕರ ಜ್ವರ ಬಂದುದನ್ನು ಮಲೆನಾಡಿನ ಹಿರಿಯರು ಬಲ್ಲರು. ಮಂಗನ ಕಾಯಿಲೆಯೆಂದು ಹೆಸರಾದ ಈ ಜ್ವರವು ಕಾಡಿನಲ್ಲಿ ಉಣುಗಿನ ಕಡಿತದಿಂದ ಬರುತ್ತದೆ. ಇದರ ವೈರಸ್ಸನ್ನು ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬೇರ್ಪಡಿಸಿದರು. ಆ ಅಧ್ಯಯನದ ಕಾಲದಲ್ಲಿ ಪ್ರಯೋಗಾಲಯದ ಸಿಬ್ಬಂದಿಗೂ ಅದೇ ಜ್ವರ ತಗುಲಿತು. ಕಾಡನ್ನು ಹೊಗದವರಿಗೂ ಕಾಡಿನ ಜ್ವರ! ಇಂದು ಅದೇ ಸಂಸ್ಥೆಯಲ್ಲಿ ಅತ್ಯುನ್ನತವಾದ ನಾಲ್ಕನೆಯ ಸುರಕ್ಷಾ ಹಂತದ ಪ್ರಯೋಗಾಲಯವಿದೆ.

ರೋಗಾಣು ಹೊರಡುವ ದಾರಿಗಳು

ಬಾಟಲಿಯೊಳಗಿನ ರೋಗಾಣುವಿಗೆ ರೆಕ್ಕೆಯಿಲ್ಲ, ಕಾಲಿಲ್ಲ. ಅದನ್ನು ಹೊರಗೆ ಹೊತ್ತು ತರುವುದು ನಮ್ಮ ಕೈಯ ಅವಸರ. ಪಿಪೆಟ್ಟಿನ ಕೊನೆಯ ಹನಿಯನ್ನು ರಭಸದಿಂದ ಊದಿದರೆ, ಹಸಿಯಾದ ತಂತಿಕುಣಿಕೆಯನ್ನು ಒಮ್ಮೆಲೇ ಉರಿಗೆ ಹಿಡಿದರೆ, ಗಿರ್ರನೆ ತಿರುಗುವ ಸೆಂಟ್ರಿಫ್ಯೂಜ್ ಯಂತ್ರದಿಂದ ಕೊಳವೆಯನ್ನು ತೆಗೆದ ಕೂಡಲೇ ಮುಚ್ಚಳ ಬಿಚ್ಚಿದರೆ, ಕಣ್ಣಿಗೆ ಕಾಣದ ತುಂತುರು ಏಳುತ್ತದೆ. ಆ ಹನಿಗಳು ಗಾಳಿಯಲ್ಲಿಯೇ ಒಣಗಿ, ಸಣ್ಣ ಕಣಗಳಾಗಿ ಬಹಳ ಹೊತ್ತು ತೇಲುತ್ತವೆ. ಪಿಪೆಟ್ಟನ್ನು ಬಾಯಿಂದ ಹೀರುವ ಹಳೆಯ ರೂಢಿಯಂತೂ ಎಷ್ಟೋ ಜನರಿಗೆ ರೋಗವನ್ನು ತಂದಿತು. ಅದು ಈಗ ಸರ್ವಥಾ ನಿಷಿದ್ಧ.

ಈ ತುಂತುರನ್ನು ತಡೆಯಲಿಕ್ಕಾಗಿಯೇ ಜೈವಿಕ ಸುರಕ್ಷಾ ಪೆಟ್ಟಿಗೆ ಇರುವುದು. ಅದು ಮುಂಭಾಗದ ಗಾಳಿಯನ್ನು ಒಳಕ್ಕೆ ಎಳೆದುಕೊಂಡು, ಅತಿ ಸೂಕ್ಷ್ಮವಾದ ಸೋಸುಕದಿಂದ ಸೋಸಿ ಹೊರಬಿಡುತ್ತದೆ. ಇಲ್ಲೊಂದು ಭ್ರಮೆಯನ್ನು ನಿವಾರಿಸಬೇಕು. ಅನೇಕ ಕಾಲೇಜುಗಳಲ್ಲಿರುವ ಲ್ಯಾಮಿನಾರ್ ಫ್ಲೋ ಮೇಜು ಈ ಪೆಟ್ಟಿಗೆಯಲ್ಲ. ಆ ಮೇಜು ಶುದ್ಧಗಾಳಿಯನ್ನು ಕೆಲಸ ಮಾಡುವವನ ಕಡೆಗೇ ಬೀಸುತ್ತದೆ. ತಟ್ಟೆಯೊಳಗಿನ ಬೆಳೆಯನ್ನು ಅದು ಕಾಪಾಡುತ್ತದೆ, ಎದುರಿಗೆ ಕುಳಿತವನನ್ನು ಕಾಪಾಡುವುದಿಲ್ಲ. ರೋಗಾಣುವನ್ನು ಅಲ್ಲಿಟ್ಟು ಕೆಲಸ ಮಾಡುವುದೆಂದರೆ ಗಾಳಿಗೆ ಎದುರಾಗಿ ನಿಂತು ಬೂದಿ ತೂರಿದಂತೆಯೇ ಸರಿ.

ಕೆಲಸ ಮುಗಿದ ಮೇಲಿನ ತ್ಯಾಜ್ಯವನ್ನು ಆಟೋಕ್ಲೇವಿನಲ್ಲಿ ಬೇಯಿಸುತ್ತಾರೆ. ಇದು ನಮ್ಮ ಅಡುಗೆಮನೆಯ ಕುಕ್ಕರಿನ ದೊಡ್ಡಣ್ಣ. ಹದಿನೈದು ಪೌಂಡುಗಳ ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಸಾಕಷ್ಟು ಹೊತ್ತು ಉಳಿಸಿದರೆ ಗಡುಸಾದ ರೋಗಾಣುಗಳೂ ಸಾಯುತ್ತವೆ. ಆದರೆ ಒಳಗಿನ ಗಾಳಿ ಪೂರ್ತಿಯಾಗಿ ಹೊರಟುಹೋಗಿರಬೇಕು, ಚೀಲಗಳನ್ನು ಬಿಗಿದು ತುಂಬಿರಬಾರದು. ಪಾತ್ರೆಯ ತುಂಬ ಬೇಳೆ ತುರುಕಿದರೆ ನಡುವಿನದು ಬೇಯದೆ ಉಳಿಯುವುದನ್ನು ನಮ್ಮ ತಾಯಂದಿರು ಬಲ್ಲರು. ಅಲ್ಲಿಯ ನ್ಯಾಯವೂ ಅದೇ. ವ್ಯತ್ಯಾಸವಿಷ್ಟೇ: ಬೇಯದ ಬೇಳೆ ಬಾಯಿಗೆ ಗೊತ್ತಾಗುತ್ತದೆ, ಸಾಯದ ರೋಗಾಣು ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದಲೇ ಯಂತ್ರವನ್ನು ಆಗಾಗ ಪರೀಕ್ಷಿಸಿ ದಾಖಲೆ ಇಡತಕ್ಕದ್ದು.

ಕಟ್ಟಳೆಗಳು ಮತ್ತು ನಡೆ

ನಿಯಮಗಳಿಗೆ ಕೊರತೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಪ್ರಯೋಗಾಲಯಗಳ ಜೈವಿಕ ಸುರಕ್ಷತೆಯ ಕೈಪಿಡಿಯನ್ನು 1983ರಲ್ಲಿ ಮೊದಲು ಪ್ರಕಟಿಸಿತು. 2020ರಲ್ಲಿ ಅದರ ನಾಲ್ಕನೆಯ ಆವೃತ್ತಿ ಬಂದಿತು. ರೋಗಾಣುಗಳನ್ನು ಅವುಗಳ ಅಪಾಯಕ್ಕೆ ತಕ್ಕಂತೆ ನಾಲ್ಕು ಗುಂಪುಗಳಲ್ಲಿಡುವುದು ರೂಢಿಯಲ್ಲಿದೆ. ಭಾರತದಲ್ಲಿ 1989ರ ನಿಯಮಗಳ ಪ್ರಕಾರ, ಅಪಾಯಕಾರಿ ಸೂಕ್ಷ್ಮಜೀವಿಗಳ ಮತ್ತು ತಳಿಗುಣ ಮಾರ್ಪಡಿಸಿದ ಜೀವಿಗಳ ಕೆಲಸ ನಡೆಸುವ ಸಂಸ್ಥೆಗಳಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರಬೇಕು. 1998ರಲ್ಲಿ ಬಂದ ಜೀವವೈದ್ಯಕೀಯ ತ್ಯಾಜ್ಯದ ನಿಯಮಗಳ ಸ್ಥಾನದಲ್ಲಿ 2016ರ ನಿಯಮಗಳು ಬಂದವು. ಪ್ರಯೋಗಾಲಯದ ಸೋಂಕುಳ್ಳ ತ್ಯಾಜ್ಯವನ್ನು ಹುಟ್ಟಿದ ಸ್ಥಳದಲ್ಲಿಯೇ ನಿರ್ವಿಷಗೊಳಿಸಿ ಅನಂತರ ಹೊರಗೆ ಕಳುಹಿಸಬೇಕೆಂದೂ, ತ್ಯಾಜ್ಯವನ್ನು ಮುಟ್ಟುವ ಕೆಲಸಗಾರರಿಗೆ ಹೆಪಟೈಟಿಸ್-ಬಿ ಮತ್ತು ಧನುರ್ವಾಯುಗಳ ಲಸಿಕೆ ಹಾಕಿಸಬೇಕೆಂದೂ ಅವು ವಿಧಿಸುತ್ತವೆ. ಚೀಲವನ್ನು ಹೊರುವ ಆ ಕಾಯಕಜೀವಿಗೆ ಒಳಗೇನಿದೆಯೆಂದು ಓದಲು ಬಾರದಿರಬಹುದು. ಓದಲು ಬಲ್ಲವರು ಅವನ ಪರವಾಗಿ ಓದಬೇಕೆಂಬುದೇ ಈ ನಿಯಮದ ಅರ್ಥ.

ಆದರೆ ಬರ್ಮಿಂಗ್‌ಹ್ಯಾಮಿನಲ್ಲಿಯೂ ನಿಯಮಗಳಿದ್ದವು, ಪರಿಶೀಲಕರಿದ್ದರು, ವಿದ್ವಾಂಸರಿದ್ದರು. ಕೊರತೆಯಾದದ್ದು ವಿದ್ವತ್ತಿನಲ್ಲಿ ಅಲ್ಲ. ‘ಇಷ್ಟು ದಿನ ಏನೂ ಆಗಿಲ್ಲ’ ಎಂಬ ನೆಚ್ಚಿಕೆಯೂ ‘ಈ ಒಂದು ಕೆಲಸ ಮುಗಿದುಬಿಡಲಿ’ ಎಂಬ ಆತುರವೂ ಜೊತೆಗೂಡಿದಲ್ಲಿ ಎಂಥ ಪಂಡಿತನ ಕೈಯೂ ಜಾರೀತು.

ಮನೆಯವರು ಮಾಡತಕ್ಕದ್ದು

ತಂದೆತಾಯಿಗಳು ಅಂಜಿ ಮಕ್ಕಳನ್ನು ಈ ವಿದ್ಯೆಯಿಂದ ಹಿಂದೆಗೆಸಬೇಕಾಗಿಲ್ಲ. ಕೆಲವು ರೂಢಿಗಳನ್ನು ಮನೆಯಲ್ಲಿಯೇ ನೆಲೆಗೊಳಿಸಿದರೆ ಸಾಕು. ಪ್ರಯೋಗಾಲಯದ ಏಪ್ರನ್ನು ಅಲ್ಲಿಯೇ ಇರಲಿ. ಅದನ್ನು ತೊಟ್ಟು ಬಸ್ಸು ಹತ್ತುವುದು, ಊಟದ ಮನೆಗೆ ಹೋಗುವುದು ಗೌರವದ ಲಕ್ಷಣವಲ್ಲ. ಒಗೆಯಲು ತರಲೇಬೇಕಾದರೆ ಬೇರೆ ಚೀಲದಲ್ಲಿ ಬರಲಿ, ಕೂಸಿನ ಬಟ್ಟೆಯೊಡನೆ ಬೆರೆಯದಿರಲಿ. ಪ್ರಯೋಗದ ಮೇಜಿಗೆ ಒಂದು ಪೆನ್ನು, ಮನೆಗೆ ಇನ್ನೊಂದು. ಮೊಬೈಲು, ತಿಂಡಿಯ ಡಬ್ಬಿ, ನೀರಿನ ಸೀಸೆ ಪ್ರಯೋಗಾಲಯದ ಒಳಗೆ ಹೋಗಕೂಡದು. ಗ್ಲೌಸು ಕಳಚಿದ ಮೇಲೂ ಸಾಬೂನು ಹಚ್ಚಿ ಕೈ ತೊಳೆಯತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದುದು ಬಾಯಿಬಿಟ್ಟು ಹೇಳುವುದು. ಸೀಸೆ ಒಡೆದರೆ, ಸೂಜಿ ಚುಚ್ಚಿದರೆ, ಕಣ್ಣಿಗೆ ಹನಿ ಸಿಡಿದರೆ ಗುರುಗಳು ಬೈದಾರೆಂಬ ಅಂಜಿಕೆಯಿಂದ ಮುಚ್ಚಿಡಬಾರದು. ಹೇಳಿದವನನ್ನು ಗುರುಗಳೂ ಬೈಯಬಾರದು. ಬೈದ ಕಡೆ ಮುಂದಿನ ಅಪಘಾತವು ಗುಟ್ಟಾಗಿಯೇ ಉಳಿಯುತ್ತದೆ. ಮನೆಯಲ್ಲಿ ಯಾರಿಗೇ ಆಗಲಿ ಕಾರಣ ತಿಳಿಯದ ಜ್ವರ, ಭೇದಿ ಬಂದಾಗ ‘ನಮ್ಮ ಮನೆಯಲ್ಲಿ ಇಂಥ ಪ್ರಯೋಗಾಲಯಕ್ಕೆ ಹೋಗುವವರಿದ್ದಾರೆ’ ಎಂಬ ಒಂದು ಮಾತನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಜಾನೆಟ್ ಪಾರ್ಕರ್ ಮಲಗಿದ್ದ ಮೊದಲ ಎರಡು ವಾರಗಳಲ್ಲಿ ಅವರ ಕೋಣೆಯ ಕೆಳಗೆ ಏನಿತ್ತೆಂಬುದನ್ನು ಯಾರಾದರೂ ನೆನೆದಿದ್ದರೆ ರೋಗದ ಗುರುತು ಬೇಗ ಸಿಕ್ಕುತ್ತಿತ್ತು. ಅವರ ಒಡನಾಟದಲ್ಲಿದ್ದವರಿಗೆ ಅಷ್ಟು ಮೊದಲೇ ಲಸಿಕೆ ದೊರೆಯುತ್ತಿತ್ತು.

ಮಗನನ್ನು, ಮಗಳನ್ನು ಕಾಲೇಜಿಗೆ ಸೇರಿಸುವಾಗ ನಾವು ಶುಲ್ಕವೆಷ್ಟು, ಊಟದ ವ್ಯವಸ್ಥೆ ಹೇಗೆ ಎಂದು ವಿಚಾರಿಸುತ್ತೇವೆ. ಇನ್ನು ಮುಂದೆ ಇನ್ನೂ ನಾಲ್ಕು ಮಾತು ವಿಚಾರಿಸೋಣ. ಪಾಠಕ್ಕೆ ಯಾವ ರೋಗಾಣುಗಳನ್ನು ಬಳಸುತ್ತೀರಿ? ಪ್ರಯೋಗಕ್ಕೆ ಮುನ್ನ ಸುರಕ್ಷತೆಯ ಪಾಠ ಹೇಳುತ್ತೀರಾ? ಆಟೋಕ್ಲೇವನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ಕಸವನ್ನು ಹೊರುವವರಿಗೆ ಲಸಿಕೆ ಹಾಕಿಸಿದ್ದೀರಾ? ಕೊನೆಯ ಪ್ರಶ್ನೆಗೆ ಕೂಡಲೇ ಉತ್ತರ ಕೊಡಬಲ್ಲ ಸಂಸ್ಥೆಯಲ್ಲಿ ಮಿಕ್ಕ ಮೂರಕ್ಕೂ ಉತ್ತರ ದೊರೆಯುವ ಭರವಸೆಯುಂಟು. ಏಕೆಂದರೆ ತನ್ನನ್ನು ಕೇಳಲಾರದವರ ಕ್ಷೇಮವನ್ನೂ ಅಲ್ಲಿ ಯಾರೋ ನೆನೆದಿದ್ದಾರೆ.